ಬಿಸಿಲ ಸೀಮೆಯಲ್ಲಿ ಟ್ಯಾರಂಟುಲಾ ಮರಿ ಸಾಕುವವರಿಗೆ

ಹೊಸದಾಗಿ ಟ್ಯಾರಂಟುಲಾ ಎಂಬ ದೊಡ್ಡ ಜೇಡದ ಮರಿ ತಂದವರು ಮೊದಲು ಕೇಳುವುದು ಊಟದ ಬಗ್ಗೆ. ಏನು ಹಾಕಬೇಕು, ಎಷ್ಟು ದಿನಕ್ಕೊಮ್ಮೆ ಹಾಕಬೇಕು, ತಿನ್ನದಿದ್ದರೆ ಏನು ಗತಿ. ಹಸಿವಿನಿಂದ ಸಾಯುವ ಮರಿ ಬಲು ಅಪರೂಪ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮರಿಗಳು ಸಾಯುವುದು ಮೈಯ ನೀರು ಆರಿ, ಇಲ್ಲವೇ ಬೇಸಿಗೆಯ ಝಳಕ್ಕೆ, ಇಲ್ಲವೇ ಸೊಳ್ಳೆ ಇರುವೆಗೆಂದು ನಾವೇ ಮನೆಯಲ್ಲಿ ಇಟ್ಟ ವಿಷಕ್ಕೆ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಯಲ್ಲಿ ಹೆಚ್ಚಿನದು ಚಳಿ ದೇಶದವರು ಬರೆದದ್ದು. ಡಬ್ಬಿಯನ್ನು ಬೆಚ್ಚಗಿಡುವುದು ಹೇಗೆ ಎಂಬುದೇ ಅಲ್ಲಿ ದೊಡ್ಡ ಪಾಠ. ನಮಗೆ ಬೇಕಿರುವುದು ತಂಪಾಗಿಡುವ ಪಾಠ. ಅದಕ್ಕೇ ಈ ಬರಹ.

ಮರಿ ಎಂದರೆ ಇಲ್ಲಿ ಕಾಲು ಚಾಚಿದಾಗ ತುದಿಯಿಂದ ತುದಿಗೆ 1ರಿಂದ 2 ಸೆಂಟಿಮೀಟರ್ ಇರುವ ಜೇಡ. ಅಂಗಡಿಯವರು ಇದನ್ನೇ ಸ್ಲಿಂಗ್ ಅನ್ನುತ್ತಾರೆ. ಮೈ ಚಿಕ್ಕದಾದಷ್ಟೂ ಒಳಗಿನ ನೀರಿಗೆ ಹೋಲಿಸಿದರೆ ಹೊರಗಿನ ಚರ್ಮ ಹೆಚ್ಚು, ಅಷ್ಟೇ ಬೇಗ ಆರುತ್ತದೆ. ದೊಡ್ಡ ಟ್ಯಾರಂಟುಲಾ ಒಂದು ತಿಂಗಳು ಸುಲಭವಾಗಿ ತಡೆದುಕೊಳ್ಳುವ ಒಣಗಾಳಿಯಲ್ಲಿ ಮರಿ ಕೆಲವೇ ದಿನದಲ್ಲಿ ಮುದುಡಿಬಿಡಬಹುದು. ಮರಿಯ ಆರೈಕೆಯಲ್ಲಿ ಉಳಿದದ್ದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಕೊಳ್ಳುವ ಮುಂಚೆ ಕಾಗದ ಪತ್ರದ ವಿಷಯ. ಮೆಕ್ಸಿಕನ್ ರೆಡ್ ನೀ ಸೇರಿದ ಬ್ರ್ಯಾಕಿಪೆಲ್ಮಾ ಕುಲ, ನಮ್ಮ ದೇಶದ ಮತ್ತು ಶ್ರೀಲಂಕಾದ ಪೊಸಿಲೋಥೀರಿಯಾ ಕುಲ ಎರಡೂ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸೈಟಿಸ್ ಪಟ್ಟಿಯ ಜೀವಿಗಳನ್ನೂ ತನ್ನ ವ್ಯಾಪ್ತಿಗೆ ತಂದಿತು. 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಅಂಥವನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರ ಹತ್ತಿರ ಕಾಗದ ಕೇಳಿ. ಕೊಡದಿದ್ದರೆ ಮರಿ ಎಷ್ಟೇ ಚಂದ ಇರಲಿ, ವಾಪಸ್ ಬನ್ನಿ.

ಪೊಸಿಲೋಥೀರಿಯಾ ಕುಲದ ನೀಲಿ ಬಣ್ಣದ ಗುತ್ತಿ ಜೇಡದ ಬಗ್ಗೆ ನಮ್ಮ ಕಡೆಯವರಿಗೆ ಬೇರೆಯಾಗಿಯೇ ಹೇಳಬೇಕು. ಬಳ್ಳಾರಿಯಿಂದ ರೈಲು ಹತ್ತಿ ಗುಂತಕಲ್ ದಾಟಿದರೆ ಬರುವ ಗುತ್ತಿಯೇ ಅದು. ಅಲ್ಲಿನ ರೈಲ್ವೆ ಮರದ ಯಾರ್ಡಿನಲ್ಲಿ ಸಿಕ್ಕ ಜೇಡವನ್ನು ನೋಡಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟದ್ದು. ಬಹುಶಃ ಮರದ ದಿಮ್ಮಿಯ ಜೊತೆ ರೈಲಿನಲ್ಲಿ ಬಂದಿತ್ತು. ಅದರ ನಿಜವಾದ ಮನೆ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡು, 2001ರಲ್ಲಿ ಮತ್ತೆ ಕಣ್ಣಿಗೆ ಬಿದ್ದದ್ದೂ ಅಲ್ಲೇ. ಇವತ್ತು ಅದು ಅಳಿವಿನ ಅಂಚಿಗೆ ಬಂದು ನಿಂತ ಜೀವಿ. ಯಾರಾದರೂ ಕಾಡಿನಿಂದ ಹಿಡಿದು ತಂದ ಮರಿ ತೋರಿಸಿದರೆ ಕೈ ಮುಗಿದು ಬಿಡಿ. ಅಷ್ಟೇ ಅಲ್ಲ, ಪೊಸಿಲೋಥೀರಿಯಾ ಕಣ್ಣು ಮಿಟುಕಿಸುವುದರೊಳಗೆ ಓಡುತ್ತದೆ, ಕಚ್ಚಿದರೆ ದಿನಗಟ್ಟಲೆ ಸ್ನಾಯು ಹಿಡಿದುಕೊಳ್ಳುವ ನೋವು. ಮೊದಲ ಸಲ ಸಾಕುವವರಿಗೆ ಹೇಳಿದ್ದಲ್ಲ.

ಮೊದಲ ಮರಿಗೆ ನನ್ನ ಆಯ್ಕೆ ಕರ್ಲಿ ಹೇರ್ ಎಂಬ ಜಾತಿ. ತಿನ್ನುವುದರಲ್ಲಿ ಗಟ್ಟಿ, ಸಣ್ಣಪುಟ್ಟ ಏರುಪೇರು ತಡೆದುಕೊಳ್ಳುತ್ತದೆ. ಇದೂ ಮೊದಲು ಬ್ರ್ಯಾಕಿಪೆಲ್ಮಾ ಕುಲದಲ್ಲೇ ಇದ್ದದ್ದು, ಹಾಗಾಗಿ ಇದಕ್ಕೂ ಕಾಗದ ಕೇಳಿ. ಗ್ರೀನ್ ಬಾಟಲ್ ಬ್ಲೂ ವೆನೆಜುವೆಲಾದ ಪರಾಗ್ವಾನಾ ಎಂಬ ಒಣ ಸೀಮೆಯದು, ನಮ್ಮ ಗಾಳಿಗೆ ಹೊಂದುತ್ತದೆ. ಆದರೆ ಅದರ ಮರಿಗೂ ಡಬ್ಬಿಯ ಒಂದು ಮೂಲೆಯಲ್ಲಿ ತೇವ ಬೇಕೇ ಬೇಕು. ಒಣ ಸೀಮೆಯ ಜಾತಿ ಎಂದು ಮರಿಯನ್ನೂ ಒಣಗಲು ಬಿಡುವವರು ಬಹಳ. ಮರದ ಮೇಲೆ ಬದುಕುವ ಪಿಂಕ್ ಟೋ ಮರಿಗೆ ತೇವವೂ ಬೇಕು, ಗಾಳಿಯೂ ಆಡಬೇಕು. ಎರಡನ್ನೂ ತೂಗಿಸುವುದು ಕಷ್ಟ, ಅನುಭವ ಬಂದ ಮೇಲೆ ತನ್ನಿ.

ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ ಮರಿ ತರಿಸಲೇಬೇಡಿ. ಬಿಸಿಲಿಗೆ ನಿಂತ ಗಾಡಿಯೊಳಗೆ ಸಣ್ಣ ಡಬ್ಬಿ ಒಂದು ತಾಸಿನಲ್ಲಿ ಬೇಯುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯೊಳಗೆ ನೀವೇ ಹೋಗಿ ಕೈಯಲ್ಲಿ ಹಿಡಿದು ತರುವುದು ಉತ್ತಮ. ಬೆಂಗಳೂರಿನಿಂದಾದರೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ರಾತ್ರಿ ಪ್ರಯಾಣ ಇರಲಿ. ಡಬ್ಬಿ ಲಗೇಜಿನಲ್ಲಿ ಬೇಡ, ಬಟ್ಟೆ ಸುತ್ತಿ ಕೈಚೀಲದಲ್ಲಿ ಇರಲಿ.

ಮರಿ ಬರುವ ಮುಂಚೆಯೇ ಅದರ ಮನೆ ಸಿದ್ಧವಿರಬೇಕು. 1ರಿಂದ 1.5 ಸೆಂಟಿಮೀಟರ್ ಮರಿಗೆ 60ರಿಂದ 100 ಮಿಲಿಲೀಟರ್‌ನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ಬೇಕರಿಯವರು ಚಟ್ನಿ, ಸಾಸ್ ಹಾಕಿಕೊಡುವ ಬಿಗಿ ಮುಚ್ಚಳದ ಕಪ್ ಸರಿಯಾದ ಅಳತೆ. ದೊಡ್ಡ ಡಬ್ಬಿಯಲ್ಲಿ ಬಿಟ್ಟರೆ ಮರಿಗೆ ಊಟ ಸಿಗುವುದಿಲ್ಲ, ನಿಮಗೆ ಮರಿ ಸಿಗುವುದಿಲ್ಲ.

ಗಾಳಿಯ ತೂತು ಮರಿಯ ಬೆನ್ನಿನ ಗಟ್ಟಿ ಚಿಪ್ಪಿಗಿಂತ ಸಣ್ಣದಿರಬೇಕು. ಹೊಟ್ಟೆ ಮೆತ್ತಗಿರುತ್ತದೆ, ಹಿಂಡಿಕೊಂಡು ಬಂದುಬಿಡುತ್ತದೆ. ಚಿಪ್ಪು ತೂರಿದರೆ ಮರಿ ಹೊರಗೆ ಬಂತೆಂದೇ ಲೆಕ್ಕ. 1 ಮಿಲಿಮೀಟರ್‌ಗಿಂತ ಕಡಿಮೆ ಇರಲಿ. ಹೊಲಿಗೆ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ಒಳಗಿನಿಂದ ಹೊರಗೆ ಚುಚ್ಚಿ. ಕರಗಿದ ಪ್ಲಾಸ್ಟಿಕ್ಕಿನ ಚೂಪು ಅಂಚು ಹೊರಗೆ ಉಳಿಯುತ್ತದೆ, ಮರಿಯ ಕಾಲಿಗೆ ತಾಗುವುದಿಲ್ಲ. ಎದುರುಬದುರು ಎರಡು ಬದಿಗೆ ಮೇಲ್ಗಡೆ ಆರೆಂಟು ತೂತು, ಮುಚ್ಚಳದಲ್ಲಿ ನಾಲ್ಕೈದು. ಚಳಿ ದೇಶದವರು ಇದಕ್ಕಿಂತ ಹೆಚ್ಚು ಹಾಕುತ್ತಾರೆ. ನಮ್ಮ ಗಾಳಿಗೆ ಅಷ್ಟು ಹಾಕಿದರೆ ಸಂಜೆಯೊಳಗೆ ಒಳಗಿನದೆಲ್ಲ ಒಣಗುತ್ತದೆ. ಸುಟ್ಟ ವಾಸನೆ ಹೋಗುವವರೆಗೆ ಡಬ್ಬಿ ಒಂದು ದಿನ ತೆರೆದಿಡಿ.

ತಳಕ್ಕೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಮನೆಯ ಸುತ್ತಲಿನ ಎರೆಮಣ್ಣು ಬೇಡವೇ ಬೇಡ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ, ಮರಿ ತೋಡಿದ ಬಿಲ ಅದರ ಮೇಲೇ ಕುಸಿಯುತ್ತದೆ. ಮಸಾರಿ ಮಣ್ಣು ಗಟ್ಟಿಕಟ್ಟುತ್ತದೆ, ಮರಿಗೆ ಅಗೆಯಲಿಕ್ಕಾಗದು. ಹೊಲದ ಮಣ್ಣು ಯಾವುದೇ ಇರಲಿ, ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಹೊಡೆದ ಔಷಧಿ ಅದರಲ್ಲಿರುತ್ತದೆ. ನರ್ಸರಿಯಲ್ಲಿ ಸಿಗುವ 650 ಗ್ರಾಂ ಕೋಕೋಪೀಟ್ ಇಟ್ಟಿಗೆಗೆ ಮೂರೂವರೆ ಲೀಟರ್ ಕುದಿವ ನೀರು ಹುಯ್ದರೆ ಎಂಟು ಲೀಟರಿನಷ್ಟು ಹಿಗ್ಗುತ್ತದೆ. ಅಷ್ಟು ಬೇಡದಿದ್ದರೆ ಚೂರು ಮುರಿದುಕೊಳ್ಳಿ. ಗೊಬ್ಬರ ಬೆರೆಸಿದ್ದು ಅಲ್ಲವೆಂದು ಚೀಟಿ ಓದಿ ನೋಡಿ. ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ಸಲ ತೊಳೆದರೆ ಉಪ್ಪಿನ ಅಂಶ ಇಳಿಯುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಆ ಹದ ಬಂದ ಮೇಲೆ ಡಬ್ಬಿಯ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ತುಂಬಿ ಬೆರಳಿನಿಂದ ಒತ್ತಿ, ಪೆನ್ಸಿಲ್ ತುದಿಯಿಂದ ಗೋಡೆಗೆ ತಾಗಿಸಿ ಓರೆಯಾಗಿ ಒಂದು ಬಿಲ ಮಾಡಿ. ಅಡಗಲು ಮಡಕೆಯ ಸಣ್ಣ ಚೂರು ಅಂಚು ಉಜ್ಜಿ ಇಡಬಹುದು. ಬೇವಿನ ತೊಗಟೆ, ಬೇವಿನ ಎಲೆ ಇಡಬೇಡಿ. ಕಾಳಿನ ಹುಳ ಓಡಿಸುವ ಗುಣವೇ ಇಲ್ಲಿ ಅಪಾಯ.

ಮರಿ ಮನೆಗೆ ಬಂದ ದಿನ ಮಾಡುವ ಕೆಲಸ ಕಡಿಮೆ. ಅಂಗಡಿಯವರು ಕೊಟ್ಟ ಸೀಸೆಯನ್ನು ಒಂದು ತಾಸು ಕೋಣೆಯಲ್ಲಿ ಹಾಗೇ ಬಿಡಿ. ಆಮೇಲೆ ಬಿಳಿ ಬಣ್ಣದ ದೊಡ್ಡ ಟಬ್ಬನ್ನು ನೆಲದ ಮೇಲಿಟ್ಟು, ಫ್ಯಾನು ನಿಲ್ಲಿಸಿ, ಟಬ್ಬಿನೊಳಗೇ ಸೀಸೆ ಬಿಚ್ಚಿ. ಸುತ್ತಿದ ಟಿಶ್ಯೂ ಕಾಗದವನ್ನು ಚಿಮಟದಿಂದ ಒಂದೊಂದೇ ಮಡಿಕೆ ಬಿಡಿಸಬೇಕು. ಎಳೆದರೆ ಒಳಗೆ ಸಿಕ್ಕ ಕಾಲು ಕಿತ್ತು ಬರುತ್ತದೆ. ಹೊಸ ಡಬ್ಬಿಯ ಬಾಯನ್ನು ಹತ್ತಿರ ಹಿಡಿದು ಮೆತ್ತನೆಯ ಪೇಂಟ್ ಬ್ರಷ್‌ನಿಂದ ಹಿಂದಿನ ಕಾಲಿಗೆ ಮುಟ್ಟಿಸಿದರೆ ತಾನೇ ಮುಂದೆ ಹೋಗುತ್ತದೆ. ಕೈಗೆ ಹತ್ತಿಸಿಕೊಳ್ಳುವ ಆಸೆ ಬೇಡ, ಕೈಯಿಂದ ಬಿದ್ದು ಹೊಟ್ಟೆ ಒಡೆದರೆ ಅಲ್ಲಿಗೆ ಮುಗಿಯಿತು. ಒಂದು ಹನಿ ನೀರು ಇಟ್ಟು ಮುಚ್ಚಿ. ನಾಲ್ಕೈದು ದಿನ ಊಟವೂ ಬೇಡ, ದರ್ಶನವೂ ಬೇಡ.

ಇನ್ನು ನೀರು. ಎರಡು ಮಿಲಿಲೀಟರಿನ ಸಿರಿಂಜು ತೆಗೆದುಕೊಳ್ಳಿ, ಸೂಜಿ ಬೇಡ. ಎರಡು ದಿನಕ್ಕೊಮ್ಮೆ ಡಬ್ಬಿಯ ಒಂದೇ ಬದಿಯ ಗೋಡೆಗೆ ಹತ್ತು ಹದಿನೈದು ಹನಿ ಇಳಿಬಿಡಿ. ಅದು ಕೆಳಗಿಳಿದು ಆ ಬದಿಯ ಕೋಕೋಪೀಟ್ ತೇವವಾಗುತ್ತದೆ, ಇನ್ನೊಂದು ಬದಿ ಒಣಗಿರುತ್ತದೆ. ಎಲ್ಲಿರಬೇಕೆಂದು ಮರಿಯೇ ಆರಿಸಿಕೊಳ್ಳುತ್ತದೆ. ಮೇಲೆ ಕಪ್ಪಗೆ ಹಸಿಯಾಗಿ ಕಂಡರೆ ಸಾಕು ಎನ್ನಬೇಡಿ, ಡಬ್ಬಿಯ ಹೊರಗಿನಿಂದ ತಳ ನೋಡಿ. ತೇವ ಇರಬೇಕಾದ್ದು ತಳದಲ್ಲಿ. ಬೋರ್‌ವೆಲ್ ನೀರು ಗೋಡೆಗೆ ಬಿಳಿ ಉಪ್ಪು ಕಟ್ಟುತ್ತದೆ, ಕುಡಿಯುವ ಫಿಲ್ಟರ್ ನೀರೇ ಹಾಕಿ. ಸ್ಪ್ರೇ ಬಾಟಲಿಯಿಂದ ಮರಿಯ ಮೇಲೆ ನೇರವಾಗಿ ಚಿಮುಕಿಸಿದರೆ ಬೆದರಿ ಗೋಡೆ ಹತ್ತುತ್ತದೆ, ಅದರಿಂದ ಲಾಭವಿಲ್ಲ.

ಬಾಯಾರಿದ ಮರಿ ನೀರು ಕುಡಿಯುವುದನ್ನು ಒಮ್ಮೆ ಭೂತಗನ್ನಡಿ ಹಿಡಿದು ನೋಡಿ. ಹನಿಯ ಎರಡು ಕಡೆ ಮುಂಗಾಲು ಊರಿ, ಬಾಯನ್ನು ಹನಿಗೆ ಒತ್ತಿ, ನಿಮಿಷಗಟ್ಟಲೆ ಅಲುಗಾಡುವುದಿಲ್ಲ. ಹಾಗೆ ಕುಡಿದ ಮರುದಿನ ಸುಕ್ಕುಗಟ್ಟಿದ್ದ ಹೊಟ್ಟೆ ದುಂಡಗಾಗಿರುತ್ತದೆ.

ನೀರು ಆರಿದ ಮರಿಯ ಕಾಲುಗಳು ಹೊಟ್ಟೆಯ ಕೆಳಗೆ ಮುಷ್ಟಿಯಂತೆ ಮಡಚಿಕೊಳ್ಳುತ್ತವೆ. ಜೇಡಕ್ಕೆ ಕಾಲು ಮಡಚಲು ಸ್ನಾಯು ಇದೆ, ಮುಖ್ಯ ಕೀಲುಗಳನ್ನು ಚಾಚಲು ಸ್ನಾಯು ಇಲ್ಲ. ಒಳಗಿನ ದ್ರವವನ್ನು ಒತ್ತಿ ಚಾಚುತ್ತದೆ. ದ್ರವ ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲು ತಾನಾಗಿ ಮಡಚುತ್ತದೆ. ಈ ಸ್ಥಿತಿಯಲ್ಲಿ ಕಂಡರೆ ತಡ ಮಾಡಬೇಡಿ. ಬಾಟಲಿ ಮುಚ್ಚಳದಲ್ಲಿ ಒಂದು ದೊಡ್ಡ ಹನಿ ನೀರಿಟ್ಟು, ಬ್ರಷ್‌ನಿಂದ ಮರಿಯ ಮುಂಭಾಗ ಮಾತ್ರ ಹನಿಗೆ ತಾಗುವಂತೆ ಕೂರಿಸಿ. ಹೊಟ್ಟೆಯ ಕೆಳಭಾಗ ನೀರಿಗೆ ಮುಳುಗಬಾರದು, ಉಸಿರಾಡುವ ಸೀಳುಗಳು ಇರುವುದು ಅಲ್ಲೇ. ನೀರಿನ ಕೊರತೆಯೇ ಕಾರಣವಾಗಿದ್ದರೆ ಕೆಲವು ತಾಸಿನಲ್ಲಿ ಕಾಲು ಬಿಚ್ಚಲು ಶುರುವಾಗುತ್ತದೆ.

ಬೇಸಿಗೆಯ ವಿಷಯಕ್ಕೆ ಬರೋಣ. ಮರಿಗೆ 24ರಿಂದ 30 ಡಿಗ್ರಿ ಹಿತ. 32 ದಾಟಿದರೆ ಎಚ್ಚರ, 35 ದಾಟಿದರೆ ಜೀವಕ್ಕೆ ಕುತ್ತು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವ ನಮ್ಮಲ್ಲಿ ಆರ್‌ಸಿಸಿ ಮನೆಯ ಮೇಲಂತಸ್ತು ರಾತ್ರಿ ಹತ್ತಕ್ಕೂ ಕೆಂಡದಂತಿರುತ್ತದೆ. ಮಣ್ಣು ಮಾಳಿಗೆಯ ಮನೆ ಇದ್ದವರು ಪುಣ್ಯವಂತರು, ನಡುಮನೆಯ ಗೋಡೆಯ ಗೂಡಿನಲ್ಲಿ ಡಬ್ಬಿ ಇಟ್ಟರೆ ಅರ್ಧ ಚಿಂತೆ ಕಳೆಯಿತು. ಉಳಿದವರು ಕೆಳಮಹಡಿಯ ಉತ್ತರ ಗೋಡೆಯ ಬುಡ ಹುಡುಕಿ, ನೆಲಕ್ಕೆ ಹತ್ತಿರ ಇಡಿ. ವೈರಿನ ತುದಿಗೆ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಡಬ್ಬಿಯ ಪಕ್ಕದಲ್ಲೇ ಇಡಿ. ಮೊಬೈಲ್ ತೋರಿಸುವ ಊರಿನ ಉಷ್ಣಾಂಶದಿಂದ ಉಪಯೋಗವಿಲ್ಲ.

ಒಣಗಾಳಿಯಿಂದ ನಮಗೆ ಒಂದು ಅನುಕೂಲವೂ ಇದೆ, ನೀರು ಆವಿಯಾಗುವಾಗ ತಂಪು ಚೆನ್ನಾಗಿ ಬರುತ್ತದೆ. ಒಂದು ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವಿನ ಮೂರು ನಾಲ್ಕು ಸೆಂಟಿಮೀಟರ್ ಸಂದಿಗೆ ಮರಳು ತುಂಬಿ, ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿ. ಒಳಮಡಕೆಯ ತಳಕ್ಕೆ ಮರದ ತುಂಡಿಟ್ಟು ಅದರ ಮೇಲೆ ಡಬ್ಬಿಗಳು, ಬಾಯಿಗೆ ಒದ್ದೆ ಹತ್ತಿ ಬಟ್ಟೆ. ಬಟ್ಟೆಯ ಒಂದು ಬದಿ ಸ್ವಲ್ಪ ತೆರೆದಿರಲಿ, ಗಾಳಿ ಆಡಬೇಕು. ಮಡಕೆ ಇಡುವ ಜಾಗದಲ್ಲಿ ಗಾಳಿ ಹಾಯುತ್ತಿರಬೇಕು, ಮೂಲೆಯಲ್ಲಿ ಒತ್ತಿಟ್ಟರೆ ತಂಪಾಗದು. ಮಡಕೆಗೆ ಬಣ್ಣ ಬಳಿದಿರಬಾರದು, ಬಳಿದರೆ ಮಣ್ಣಿನ ರಂಧ್ರ ಮುಚ್ಚುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಈ ಉಪಾಯ ಅಷ್ಟು ನಡೆಯದು, ಆಗ ಅದರ ಅಗತ್ಯವೂ ಇರುವುದಿಲ್ಲ.

ಕೂಲರ್ ಇರುವ ಕೋಣೆ ಒಳ್ಳೆಯದೇ, ಆದರೆ ಅದರ ಗಾಳಿ ನೇರವಾಗಿ ಡಬ್ಬಿಗೆ ಬಡಿಯಬಾರದು. ಕರೆಂಟು ಹೋಗಿ ಮಧ್ಯಾಹ್ನ ಕೈ ಮೀರಿದರೆ ಥರ್ಮೋಕೋಲ್ ಪೆಟ್ಟಿಗೆಯ ಒಂದು ತುದಿಗೆ ಟವೆಲ್ ಸುತ್ತಿದ ಐಸ್ ಬಾಟಲಿ, ಇನ್ನೊಂದು ತುದಿಗೆ ಡಬ್ಬಿ ಇಟ್ಟು ಮುಚ್ಚಳ ಓರೆ ಮಾಡಿ. ಫ್ರಿಜ್ಜಿನಲ್ಲಿ ಇಡಬೇಡಿ.

ವಿಷದ ಬಗ್ಗೆ ಯಾರೂ ಸಾಕಷ್ಟು ಹೆದರುವುದಿಲ್ಲ. ಸೊಳ್ಳೆಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್, ಜಿರಳೆ ಸ್ಪ್ರೇ, ಇರುವೆ ಚಾಕ್‌ಪೀಸ್, ಇವುಗಳಲ್ಲಿ ಹೆಚ್ಚಿನವು ಪೈರೆಥ್ರಾಯ್ಡ್ ಜಾತಿಯ ವಿಷ. ಕೀಟದ ನರಕ್ಕೆ ಹೊಡೆಯುವಂಥದ್ದು, ಜೇಡದ ನರಕ್ಕೂ ಹೊಡೆಯುತ್ತದೆ. ವಿಷ ತಗುಲಿದ ಮರಿ ನಡುಗುತ್ತದೆ, ಕಾಲು ಒಂದೊಂದು ಕಡೆ ಎಳೆಯುತ್ತದೆ, ಸುತ್ತು ಹಾಕುತ್ತದೆ. ಆಮೇಲೆ ಉಳಿಸಿಕೊಳ್ಳುವುದು ದುಸ್ತರ. ಮರಿ ಇರುವ ಕೋಣೆಯಲ್ಲಿ ಸೊಳ್ಳೆ ಪರದೆ ಮಾತ್ರ. ಸಾಂಬ್ರಾಣಿ, ಊದಿನಕಡ್ಡಿಯ ಹೊಗೆಯೂ ಆ ಕೋಣೆಗೆ ಬೇಡ. ಊರ ಅಂಚಿನಲ್ಲಿ ಮನೆ ಇದ್ದು ಪಕ್ಕದ ಹೊಲಕ್ಕೆ ಔಷಧಿ ಹೊಡೆಯುತ್ತಿದ್ದರೆ ಅವತ್ತು ಕಿಟಕಿ ಹಾಕಿ. ಇರುವೆಗೆ ಅಜ್ಜಿಯರ ಉಪಾಯವೇ ಸಾಕು: ಟೇಬಲ್ಲಿನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಟೇಬಲ್ ಗೋಡೆಗೆ ತಾಗದಂತೆ ಇಡಿ. ಕೆಂಪಿರುವೆ ಒಮ್ಮೆ ಹೊಕ್ಕರೆ ಬೆಳಗಾಗುವುದರೊಳಗೆ ಮರಿ ಇರುವುದಿಲ್ಲ.

ಊಟ ಸರಳ. ಮರಿಯ ಹೊಟ್ಟೆಗಿಂತ ದೊಡ್ಡ ಬೇಟೆ ಹಾಕಬಾರದು. ತೀರಾ ಸಣ್ಣ ಮರಿಗೆ ಮೀಲ್‌ವರ್ಮ್ (ಬೂಸಾ, ಹಿಟ್ಟಿನಲ್ಲಿ ಬೆಳೆಯುವ ದುಂಬಿಯ ಮರಿಹುಳು) ಹುಳುವನ್ನು 3 ಮಿಲಿಮೀಟರ್ ತುಂಡು ಮಾಡಿ, ಕತ್ತರಿಸಿದ ಬದಿ ಮೇಲೆ ಬರುವಂತೆ ಬಿಲದ ಬಾಯಲ್ಲಿಡಿ. ಕ್ರಿಕೆಟ್ ಹುಳುವಿನ ಹಿಂಗಾಲಿನ ತೊಡೆಯೂ ಆಗುತ್ತದೆ. ವಾರಕ್ಕೆ ಎರಡು ಸಲ. ಉಳಿದದ್ದನ್ನು ಮರುದಿನ ಚಿಮಟದಿಂದ ತೆಗೆದುಬಿಡಿ, ಇಲ್ಲವಾದರೆ ನುಸಿ, ಬೂಷ್ಟು, ಸಣ್ಣ ಗೂನು ನೊಣ ಮೂರೂ ಬರುತ್ತವೆ. ಜೀವಂತ ಮೀಲ್‌ವರ್ಮ್ ಹಾಕುವುದಾದರೆ ಅದರ ತಲೆ ಜಜ್ಜಿ ಹಾಕಿ. ಹಾಗೇ ಬಿಟ್ಟರೆ ಕೋಕೋಪೀಟಿನೊಳಗೆ ಹೊಕ್ಕು, ಪೊರೆ ಬಿಡುತ್ತಿರುವ ಮರಿಯನ್ನೇ ಕಚ್ಚುತ್ತದೆ. ಗದ್ದೆಯಿಂದ ಹಿಡಿದ ಮಿಡತೆ, ಅಡುಗೆಮನೆ ಜಿರಳೆ ಎರಡೂ ಬೇಡ, ಅವು ಏನು ತಿಂದು ಬಂದಿವೆಯೋ ಗೊತ್ತಿಲ್ಲ. ಹೊಟ್ಟೆ ಮುಂದಿನ ಚಿಪ್ಪಿನ ಒಂದೂವರೆ ಪಟ್ಟು ಇದ್ದರೆ ಹದ. ಎರಡು ಪಟ್ಟಾದರೆ ಊಟ ನಿಲ್ಲಿಸಿ, ನೀರು ಮಾತ್ರ ಕೊಡಿ.

ಸಿಂಧನೂರು, ಗಂಗಾವತಿಯಂಥ ಊರಿನಲ್ಲಿ ಮೀಲ್‌ವರ್ಮ್ ಹುಡುಕುವುದಕ್ಕಿಂತ ಬೆಳೆಸುವುದು ಸುಲಭ. ಅಗಲ ಡಬ್ಬಿಗೆ ನಾಲ್ಕು ಬೆರಳು ಗೋಧಿ ಬೂಸಾ, ಮೇಲೆ ಎರಡು ಹೋಳು ಗಜ್ಜರಿ, ನೂರು ಹುಳ. ಕಾಳಿಗೆ ಮಾತ್ರೆ ಇಟ್ಟ ಗೋದಾಮಿನ ಬೂಸಾ ಬೇಡ, ಗಿರಣಿಯಿಂದ ತಾಜಾ ತನ್ನಿ. ಬಳಸುವ ಮುಂಚೆ ಎರಡು ದಿನ ಫ್ರೀಜರ್‌ನಲ್ಲಿಟ್ಟರೆ ಅದರಲ್ಲಿರುವ ಬೇರೆ ಹುಳ ಸಾಯುತ್ತವೆ. ಮೂರು ತಿಂಗಳು, ಒಂದಿಷ್ಟು ಹೆಚ್ಚು ಕಮ್ಮಿ, ಕಾದರೆ ಹೊಸ ತಲೆಮಾರು ಬರುತ್ತದೆ.

ಮರಿ ಇದ್ದಕ್ಕಿದ್ದಂತೆ ಊಟ ಬಿಟ್ಟರೆ ಗಾಬರಿ ಬೇಡ, ಪೊರೆ ಬಿಡುವ ಕಾಲ ಬಂದಿರುತ್ತದೆ. ಹೊಟ್ಟೆ ಕಪ್ಪಗೆ ಹೊಳೆಯುತ್ತದೆ, ಬಿಲದ ಬಾಯಿಗೆ ಬಲೆ ನೇಯ್ದು ಮುಚ್ಚಿಕೊಳ್ಳುತ್ತದೆ. ಸಣ್ಣ ಮರಿ ಒಂದೆರಡು ತಿಂಗಳಿಗೊಮ್ಮೆ ಹೀಗೆ ಮಾಡುತ್ತದೆ, ಬೆಳೆದಂತೆ ಅಂತರ ಹೆಚ್ಚುತ್ತದೆ. ಈ ದಿನಗಳಲ್ಲಿ ಬೇಟೆ ಹಾಕಬೇಡಿ, ತೇವ ಮಾತ್ರ ತಪ್ಪಿಸಬೇಡಿ. ಒಣಗಿದರೆ ಹಳೆ ಪೊರೆ ಕಾಲಿಗೆ ಅಂಟಿಕೊಳ್ಳುತ್ತದೆ. ಪೊರೆ ಬಿಡುವಾಗ ಮರಿ ಅಂಗಾತ ಮಲಗಿ ಕಾಲು ಮೇಲೆ ಮಾಡುತ್ತದೆ. ಸತ್ತಿತೆಂದು ತಿಳಿದು ಎಸೆದವರು, ಹೊರಳಿಸಿ ಕೊಂದವರು ಎಷ್ಟೋ ಮಂದಿ. ಸಾಯುವ ಜೇಡ ಕಾಲು ಮಡಚಿ ಕವುಚಿ ಕೂರುತ್ತದೆ, ಅಂಗಾತ ಮಲಗುವುದು ಅಪರೂಪ. ಡಬ್ಬಿಯನ್ನು ಅಲುಗಿಸದೆ ಬಿಟ್ಟುಬಿಡಿ, ಅರ್ಧ ತಾಸಿನಿಂದ ಕೆಲವು ತಾಸು ಹಿಡಿಯುತ್ತದೆ. ಮುಗಿದ ಮೇಲೂ ಐದಾರು ದಿನ ಬೇಟೆ ಬೇಡ. ಹೊಸ ಹಲ್ಲು ಮೊದಲು ಬೆಳ್ಳಗಿರುತ್ತದೆ, ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಕಪ್ಪಾದ ಮೇಲೆಯೇ ಅದು ಹಲ್ಲೂರಬಲ್ಲದು. ಒಂದು ಕಾಲು ಪೊರೆಯಲ್ಲಿ ಸಿಕ್ಕಿಕೊಂಡರೆ ಎಳೆಯಬೇಡಿ, ಬ್ರಷ್‌ನಿಂದ ಉಗುರುಬೆಚ್ಚಗಿನ ನೀರು ಮುಟ್ಟಿಸಿ ಕಾಯಿರಿ. ಕಾಲು ಹೋದರೂ ಮುಂದಿನ ಒಂದೆರಡು ಪೊರೆಯಲ್ಲಿ ಮತ್ತೆ ಬೆಳೆಯುತ್ತದೆ.

ಬಿಳಿ ಬೂಷ್ಟು ಕಂಡರೆ ಆ ಭಾಗದ ಕೋಕೋಪೀಟ್ ಚಮಚದಿಂದ ತೆಗೆದು, ಎರಡು ದಿನ ನೀರು ಕಡಿಮೆ ಮಾಡಿ. ಮರಿಯ ಬಾಯಿಯ ಸುತ್ತ ಬಿಳಿ ಚುಕ್ಕೆ ನುಸಿ ಹತ್ತಿದ್ದರೆ ಡಬ್ಬಿಯನ್ನೇ ಬದಲಿಸಬೇಕು.

ಅಮೆರಿಕ ಖಂಡದ ಹೆಚ್ಚಿನ ಜಾತಿಗಳು ಬೆಳೆದಂತೆ ಹೊಟ್ಟೆಯ ಮೇಲಿನ ನವೆ ತರಿಸುವ ಕೂದಲನ್ನು ಕಾಲಿನಿಂದ ಒದೆಯುತ್ತವೆ. ಕಣ್ಣಿಗೆ ಹೋದರೆ ವೈದ್ಯರ ಹತ್ತಿರ ಹೋಗಬೇಕಾಗುತ್ತದೆ. ಹಳೆ ಡಬ್ಬಿ ತೊಳೆಯುವಾಗ ಒಣಗಿದ್ದನ್ನು ಕೊಡವಬೇಡಿ, ನೀರು ಹಾಕಿ ತೊಳೆಯಿರಿ, ಕೈ ತೊಳೆಯುವ ಮುಂಚೆ ಕಣ್ಣು ಉಜ್ಜಬೇಡಿ.

ಕಾಲಳತೆ 3 ಸೆಂಟಿಮೀಟರ್ ದಾಟಿದಾಗ ಅರ್ಧ ಲೀಟರಿನ ಡಬ್ಬಿಗೆ ಬದಲಿಸಿ, ಪೊರೆ ಬಿಟ್ಟು ಹತ್ತು ದಿನವಾದ ಮೇಲೆ. ಹೊಸ ಡಬ್ಬಿಯಲ್ಲಿ ಕೋಕೋಪೀಟಿನ ಮೇಲ್ಮೈಯಿಂದ ಮುಚ್ಚಳಕ್ಕೆ ಕಾಲಳತೆಯ ಎರಡು ಪಟ್ಟಿಗಿಂತ ಹೆಚ್ಚು ಎತ್ತರ ಬೇಡ. ಒಂದು ಮೂಲೆಗೆ ಬಾಟಲಿ ಮುಚ್ಚಳದಲ್ಲಿ ನೀರಿಡಿ. ಈ ಹಂತಕ್ಕೆ ಬಂದ ಮರಿಗೆ ವಾರಕ್ಕೊಂದು ಊಟ ಸಾಕು, ಮುಚ್ಚಳದ ನೀರು ತುಂಬಿದ್ದರೆ ನೀವು ನಾಲ್ಕು ದಿನ ಜಾತ್ರೆಗೋ ಮದುವೆಗೋ ಊರಿಗೆ ಹೋಗಿ ಬರಬಹುದು.